ಹಳೇ ಹೋಟೆಲಿಗೆ ಹೊಸ ಬಣ್ಣ: ಬಾಗಿಲು ಯಾರಿಗೆ?

ಹೇರೋಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಮೂಡಲ ದಿಕ್ಕಿಗೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರಿಗೆ ರೇಸ್ ಕೋರ್ಸ್ ರಸ್ತೆ ಸಿಗುತ್ತದೆ. ಅಲ್ಲಿ ಮರಗಳ ಮರೆಯಲ್ಲಿ ಒಂದು ಹಳೇ ಹೋಟೆಲಿದೆ. ಹೆಸರು ವೆಸ್ಟ್ ಎಂಡ್. ಕನ್ನಡದಲ್ಲಿ ಹೇಳಿದರೆ ಪಡುವಣ ತುದಿ. ನಮಗೆ ಮೂಡಲಿಗಿರುವ ಜಾಗ ಅವರಿಗೆ ಪಡುವಣ ತುದಿ ಆಗಿದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಹೋದರೆ ಊರಿಗೆ ಬಂದ ಪರಸ್ಥಳದವರನ್ನು ಯಾರು, ಎಲ್ಲಿ, ಹೇಗೆ ಇಳಿಸಿಕೊಂಡರು ಎಂಬ ನೂರ ಮೂವತ್ತು ವರ್ಷಕ್ಕೂ ಹಳೆಯ ಕಥೆ ಸಿಗುತ್ತದೆ.

ಈ ಕಥೆ ಈಗ ಯಾಕೆ ಅಂದರೆ, ಹಳೇ ಹೋಟೆಲುಗಳನ್ನು ಕೋಟಿಗಟ್ಟಲೆ ಸುರಿದು ಐಷಾರಾಮಿ ಮಾಡುವ ಕೆಲಸ ದೇಶದ ಎಲ್ಲ ಕಡೆ ನಡೆದಿದೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಲಲಿತಮಹಲ್ ಅರಮನೆ ಹೋಟೆಲನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಮಾತು ಆಗಾಗ ಎದ್ದು ಕೂರುತ್ತದೆ. ಅದು ಸರ್ಕಾರದ ಆಸ್ತಿ, ಅಂದರೆ ನಮ್ಮ ನಿಮ್ಮ ಆಸ್ತಿ. ಹಾಗಾಗಿ ಇದನ್ನು ದುಡ್ಡಿದ್ದವರ ಸುದ್ದಿ ಎಂದು ಪಕ್ಕಕ್ಕೆ ಸರಿಸುವ ಹಾಗಿಲ್ಲ.

ಹೋಟೆಲ್ ಅಂದರೆ ನಮಗೆ ತಿಂಡಿ

ಮೊದಲು ಒಂದು ಮಾತು. ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ, ಕಾಫಿ. ಬಸ್ ಸ್ಟ್ಯಾಂಡಿನ ಪಕ್ಕ ನಾಲ್ಕು ಮೇಜು ಹಾಕಿದ್ದರೂ ಅದು ಹೋಟೆಲೇ. ರಾತ್ರಿ ಉಳಿಯುವ ಜಾಗಕ್ಕೆ ನಾವು ಹೋಟೆಲ್ ಎನ್ನುವುದಿಲ್ಲ, ಲಾಡ್ಜ್ ಎನ್ನುತ್ತೇವೆ. ಅದಕ್ಕೂ ಮುಂಚೆ ಛತ್ರ ಎನ್ನುತ್ತಿದ್ದರು, ಸಾಬರ ಕಡೆ ಮುಸಾಫಿರಖಾನೆ ಎನ್ನುತ್ತಿದ್ದರು. ಛತ್ರದಲ್ಲಿ ಬಾಡಿಗೆ ಮುಖ್ಯವಲ್ಲ. ಊರಿನ ಸಾಹುಕಾರರೋ ದೊರೆಯೋ ಪುಣ್ಯಕ್ಕೆಂದು ಕಟ್ಟಿಸಿದ್ದು ಅದು. ದಾರಿಹೋಕ ಬುತ್ತಿ ಬಿಚ್ಚಿ ಉಂಡು, ಜಗಲಿ ಮೇಲೆ ಮಲಗಿ, ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಿದ್ದ.

ಛತ್ರ ಎಂದ ಕೂಡಲೇ ಎಲ್ಲರಿಗೂ ಬಾಗಿಲು ತೆರೆದಿತ್ತು ಎಂದುಕೊಳ್ಳಬೇಡಿ. ಬಹಳ ಕಡೆ ಜಾತಿ ನೋಡಿ ಪಂಕ್ತಿ, ಜಾತಿ ನೋಡಿ ಕೋಣೆ. ಕಾಫಿ ಹೋಟೆಲುಗಳಲ್ಲೂ ಬ್ರಾಹ್ಮಣರಿಗೆ ಬೇರೆ ಜಾಗ ಇಡುತ್ತಿದ್ದ ಕಾಲ ಅದು. ದಲಿತರಿಗೆ ಹೊರಗಿನ ಕಟ್ಟೆಯೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಇದನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಹೋಗೋಣ.

ಯುರೋಪಿನವರು ತಂದ ಹೋಟೆಲ್ ಬೇರೆ ಬಗೆಯದು. ದುಡ್ಡು ಕೊಟ್ಟರೆ ಕೋಣೆ, ಮಂಚ, ಊಟ, ಸ್ನಾನಕ್ಕೆ ಬಿಸಿನೀರು, ಕುದುರೆ ಕಟ್ಟಲು ಲಾಯ. ನಮ್ಮವರು ಆ ಪದವನ್ನು ತೆಗೆದುಕೊಂಡರು, ಅದರ ಊಟದ ಭಾಗವನ್ನು ಮಾತ್ರ ಇಟ್ಟುಕೊಂಡರು.

ಪಡುವಣ ತುದಿಯ ಹತ್ತು ಕೋಣೆ

ಆಗಿನ ಬೆಂಗಳೂರು ಒಂದಲ್ಲ, ಎರಡು. ಒಂದು ಕೆಂಪೇಗೌಡರ ಪೇಟೆ. ಚಿಕ್ಕಪೇಟೆ, ಅರಳೇಪೇಟೆ, ತರಗುಪೇಟೆ ಎಲ್ಲ ಇರುವ ಕಡೆ. ಇನ್ನೊಂದು ದಂಡು. 1809ರಲ್ಲಿ ಇಂಗ್ಲಿಷರು ತಮ್ಮ ಪಡೆಗೆಂದು ಹಲಸೂರಿನ ಕಡೆ ಕಟ್ಟಿಕೊಂಡ ಕಂಟೋನ್ಮೆಂಟ್. ಎರಡರ ನಡುವೆ ಬಯಲು, ಆಮೇಲೆ ಕಬ್ಬನ್ ಪಾರ್ಕು. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ಬಂದಾಗಲೂ ಮೊದಲು ಬಂದದ್ದು ದಂಡಿಗೆ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ವಾಪಸು ಕೊಟ್ಟರೂ ದಂಡನ್ನು ಇಂಗ್ಲಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿನ ಕೈಗೆ ಬಂದದ್ದು 1947ರಲ್ಲಿ.

1887ರಲ್ಲಿ ಶ್ರೀಮತಿ ಬ್ರಾನ್ಸನ್ ಎಂಬ ಇಂಗ್ಲಿಷ್ ಹೆಂಗಸು ದಂಡಿನ ಪಶ್ಚಿಮದ ಅಂಚಿನ ಹೈಗ್ರೌಂಡ್ಸ್ ಪ್ರದೇಶದಲ್ಲಿ ಹತ್ತು ಕೋಣೆಯ ಊಟ-ವಸತಿ ಮನೆಯೊಂದನ್ನು ಶುರು ಮಾಡಿದರು. ಬ್ರಾನ್ಸನ್ಸ್ ವೆಸ್ಟ್ ಎಂಡ್ ಅದರ ಹೆಸರು. ಲಂಡನ್ನಿನ ಸಿರಿವಂತರ ಕೇರಿಗೂ ಅದೇ ಹೆಸರು, ದಂಡಿನ ಪಡುವಣ ತುದಿ ಎಂಬ ಅರ್ಥವೂ ಕೂಡುತ್ತದೆ. ದಂಡಿನಲ್ಲಿ ನಿಂತು ನೋಡುವವರಿಗೆ ಊರು ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆಗೆ ಕೆರೆ, ಹೊಲ, ಮಾಗಡಿಯ ದಾರಿ, ಆ ದಾರಿಯಲ್ಲಿ ಹೇರೋಹಳ್ಳಿಯಂಥ ಊರುಗಳು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ನಮ್ಮ ಈ ಭಾಗವೂ ಪಟ್ಟಣದೊಳಗೆ ಸೇರಿತು. ಪಡುವಣ ತುದಿ ಅಂದಿದ್ದ ಜಾಗ ಊರಿನ ನಟ್ಟನಡುವಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

1912ರಲ್ಲಿ ಮದರಾಸಿನ ಸ್ಪೆನ್ಸರ್ ಕಂಪನಿ ವೆಸ್ಟ್ ಎಂಡನ್ನು ಕೊಂಡಿತು. ಮದರಾಸಿನ ಕನ್ನೆಮರಾ ಹೋಟೆಲೂ ಅದರದ್ದೇ ಆಗಿತ್ತು. 1984ರಲ್ಲಿ ಇವೆರಡನ್ನೂ ತಾಜ್ ಹೋಟೆಲುಗಳ ಕಂಪನಿ ವಹಿಸಿಕೊಂಡಿತು. ಹತ್ತು ಕೋಣೆ ಇದ್ದದ್ದು ಈಗ ನೂರು ದಾಟಿದೆ. ಜಾಗ ಸುಮಾರು ಇಪ್ಪತ್ತು ಎಕರೆ.

ಇಪ್ಪತ್ತು ಎಕರೆ ಅಂದರೆ ನಮ್ಮಲ್ಲಿ ಒಬ್ಬ ದೊಡ್ಡ ಹಿಡುವಳಿದಾರನ ಜಮೀನು. ಅದೂ ಮೆಜೆಸ್ಟಿಕ್ಕಿನಿಂದ ಎರಡು ಕಿಲೋಮೀಟರ್ ಒಳಗೆ. ಅಷ್ಟು ಜಾಗದಲ್ಲಿ ಮೂವತ್ತು ಮಹಡಿ ಎಬ್ಬಿಸದೆ ಹೆಂಚಿನ ಮಾಡು, ಮರದ ಕುಸುರಿಯ ಮುಂಚಾಚು, ನೂರು ವರ್ಷ ದಾಟಿದ ಮರಗಳು ಉಳಿದಿವೆ. ಬೆಂಗಳೂರಿನ ಹಳೇ ಬಂಗಲೆಗಳ ಕಿಟಕಿ ಮೇಲಿನ ಆ ಮರದ ಮುಂಚಾಚಿಗೆ ಮಂಕಿ ಟಾಪ್ ಎನ್ನುತ್ತಾರೆ. ಇಂಥ ಸಾವಿರಾರು ಬಂಗಲೆ ಬೆಂಗಳೂರಿನಲ್ಲಿ ನೆಲಸಮ ಆಗಿವೆ. ಇದು ಉಳಿದಿರುವುದಕ್ಕೆ ಕಾರಣ, ಇಲ್ಲಿನ ಹಳತನಕ್ಕೇ ಒಂದು ಬೆಲೆ ಬಂತು. ಹಳೇ ಮರ, ಹಳೇ ವರಾಂಡ ನೋಡಲೆಂದೇ ದುಡ್ಡು ಕೊಡುವವರು ಬಂದರು. ಐಷಾರಾಮಿ ನವೀಕರಣದ ಒಳ್ಳೆಯ ಮುಖ ಇದು. ಇದನ್ನು ಒಪ್ಪಿಕೊಳ್ಳಲೇಬೇಕು.

ಅದೇ ಊರಿನಲ್ಲಿ ಇನ್ನೊಂದು ಬಾಗಿಲು

ವೆಸ್ಟ್ ಎಂಡ್ ಶುರುವಾದ ಹದಿನಾರು ವರ್ಷಕ್ಕೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ, ಪರಸ್ಥಳದವರಿಗೆಂದು ಇನ್ನೊಂದು ಮನೆ ಬಾಗಿಲು ತೆರೆಯಿತು. ಮೆಜೆಸ್ಟಿಕ್ಕಿಗೆ ಹೋದವರೆಲ್ಲ ಅದರ ಮುಂದೆ ಓಡಾಡಿರುತ್ತೀರಿ. ಗುಬ್ಬಿ ತೋಟದಪ್ಪನವರ ಛತ್ರ.

ತೋಟದಪ್ಪನವರು 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿದವರು. ಬೆಂಗಳೂರಿಗೆ ಬಂದು ಪೇಟೆಯಲ್ಲಿ ವ್ಯಾಪಾರ ಮಾಡಿ ದುಡಿದರು. ರೈಲ್ವೆ ಸ್ಟೇಷನ್ನಿಗೆ ಬಂದಿಳಿಯುವ ಜನಕ್ಕೆ ತಂಗಲು ಜಾಗವಿಲ್ಲ, ಹಳ್ಳಿಯಿಂದ ಓದಲು ಬರುವ ಹುಡುಗರಿಗೆ ಇರಲು ಮನೆಯಿಲ್ಲ ಎಂದು ಕಂಡು, 1897ರಲ್ಲಿ ಸ್ಟೇಷನ್ನಿನ ಹತ್ತಿರ ಜಾಗ ಕೊಂಡು ಧರ್ಮಸಂಸ್ಥೆ ಕಟ್ಟಿದರು. 1903ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ಉದ್ಘಾಟಿಸಿದರು. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಮೆಜೆಸ್ಟಿಕ್ಕಿನ ಆ ರಸ್ತೆಗೆ ಇವತ್ತಿಗೂ ಅವರದೇ ಹೆಸರು.

ಇದೂ ಹಳೇ ಕಟ್ಟಡ. ಇದನ್ನೂ ಈ ಶತಮಾನದಲ್ಲಿ ದುರಸ್ತಿ ಮಾಡಿ ಹೊಸದು ಮಾಡಿದರು. ಆದರೆ ದುರಸ್ತಿಯಾದ ಮೇಲೂ ಅದು ಛತ್ರವಾಗಿಯೇ ಉಳಿಯಿತು. ಆಸ್ಪತ್ರೆಗೆ, ಕೋರ್ಟಿಗೆ, ಪರೀಕ್ಷೆಗೆ ಎಂದು ಬೆಂಗಳೂರಿಗೆ ಬರುವ ಸಾಮಾನ್ಯ ಜನಕ್ಕೆ ಎಟುಕುವ ಬೆಲೆಯಲ್ಲಿ ಕೋಣೆ. ಒಂದೇ ಊರು, ಒಂದೇ ಕಾಲ, ಹತ್ತಿರ ಹತ್ತಿರದ ಎರಡು ಮನೆ. ಎರಡಕ್ಕೂ ಹೊಸ ಬಣ್ಣ ಬಂತು. ಒಂದರ ಬಾಗಿಲು ಕಿರಿದಾಯಿತು, ಇನ್ನೊಂದರದ್ದು ಮೊದಲಿನಷ್ಟೇ ಅಗಲ ಉಳಿಯಿತು.

ಇದರಿಂದ ನಮಗೆ ಗೊತ್ತಾಗುವುದು ಇಷ್ಟು: ಕಟ್ಟಡ ಹಳೆಯದಾದ ಮಾತ್ರಕ್ಕೆ ಅದು ಐಷಾರಾಮಿ ಆಗಲೇಬೇಕು ಎಂಬ ವಿಧಿಯೇನೂ ಇಲ್ಲ. ಅದು ಯಾರ ಆಸ್ತಿ, ಅವರು ಯಾವ ಉದ್ದೇಶ ಇಟ್ಟುಕೊಂಡಿದ್ದಾರೆ ಎಂಬುದರ ಮೇಲೆ ನಿಂತಿದೆ. ವೆಸ್ಟ್ ಎಂಡ್ ಮೊದಲ ದಿನದಿಂದಲೂ ವ್ಯಾಪಾರ, ಅದು ಹಾಗೇ ನಡೆಯುತ್ತಿದೆ, ಅದರಲ್ಲಿ ತಪ್ಪು ಹುಡುಕುವಂಥದ್ದಿಲ್ಲ. ತೋಟದಪ್ಪನವರ ಛತ್ರ ಧರ್ಮದ ಆಸ್ತಿ, ಅದೂ ತನ್ನ ಮಾತು ಉಳಿಸಿಕೊಂಡಿದೆ. ತೊಡಕು ಬರುವುದು ಮೂರನೆಯ ಬಗೆಯಲ್ಲಿ. ಸರ್ಕಾರದ ಕೈಲಿರುವ ಹಳೇ ಹೋಟೆಲುಗಳಲ್ಲಿ. ಅದಕ್ಕೆ ನಾವು ಮೈಸೂರಿಗೆ ಹೋಗಬೇಕು.

ಬಿಳಿಯ ಅತಿಥಿಗೆ ಬಿಳಿಯ ಅರಮನೆ

ಮೈಸೂರಿನ ಈಗಿನ ದೊಡ್ಡ ಅರಮನೆ ಮುಗಿದದ್ದು 1912ರಲ್ಲಿ. ದಸರೆಗೆ, ಖೆಡ್ಡಾಕ್ಕೆ, ಶಿಕಾರಿಗೆ ಎಂದು ವೈಸ್‌ರಾಯ್, ಗವರ್ನರ್, ದೊರೆಸಾನಿಯರು ಬರುತ್ತಲೇ ಇದ್ದರು. ಅವರನ್ನು ಅರಮನೆಯೊಳಗೆ ಇಳಿಸಿಕೊಳ್ಳುವುದು ಕಷ್ಟ. ಅವರದ್ದು ಮಾಂಸದೂಟ, ಮೇಜಿನ ಮೇಲೆ ಮದ್ಯ. ಅರಮನೆಯದು ಪೂಜೆ, ಮಡಿ, ಆಚಾರ. ಆದ್ದರಿಂದ ಅತಿಥಿಗಳಿಗೆ ಬೇರೆ ಮನೆ ಬೇಕಾಯಿತು ಎಂದು ಮೈಸೂರಿನ ಇತಿಹಾಸ ಬಲ್ಲವರು ಹೇಳುತ್ತಾರೆ.

ಹಾಗೆ 1920ರ ಸುಮಾರಿಗೆ ಎರಡು ಕಟ್ಟಡ ಎದ್ದವು. ಹುಣಸೂರು ರಸ್ತೆಯ ಕಡೆ ಮೆಟ್ರೋಪೋಲ್. ಚಾಮುಂಡಿ ಬೆಟ್ಟದ ಬುಡದ ಕಡೆ ಲಲಿತಮಹಲ್. ಲಲಿತಮಹಲಿಗೆ ಅಡಿಗಲ್ಲು ಹಾಕಿದ್ದು 1921ರ ನವೆಂಬರಿನಲ್ಲಿ, ನಾಲ್ವಡಿಯವರು. ನಕ್ಷೆ ಬರೆದವರು ಮುಂಬೈಯ ಇ. ಡಬ್ಲ್ಯೂ. ಫ್ರಿಚ್ಲಿ, ಕಟ್ಟಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನು ನೆನಪಿಸುವ ಗುಮ್ಮಟ, ಅಚ್ಚ ಬಿಳಿ ಬಣ್ಣ, ಇಟಲಿಯ ಅಮೃತಶಿಲೆಯ ಮೆಟ್ಟಿಲು, ಕುಣಿತಕ್ಕೆಂದೇ ದೊಡ್ಡ ಹಜಾರ. ದೂರದಿಂದ ನೋಡಿದರೆ ಹೊಲದ ನಡುವೆ ಹಾಲು ಚೆಲ್ಲಿದ ಹಾಗೆ.

ಇದರ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ಅರಸರು ಕಟ್ಟಿಸಿದರು ಎಂಬುದು ಒಂದು ಉತ್ತರ. ಆದರೆ ಆಗಿನ ಮೈಸೂರಿನ ಸಿರಿ ಎಂದರೆ ಏನು? ರೈತರ ಕಂದಾಯ, ಕೋಲಾರದ ಚಿನ್ನದ ಗಣಿಯ ರಾಯಧನ, ಗಂಧದ ಮರ, ಅಬಕಾರಿ. ಹೊಲದಲ್ಲಿ ದುಡಿದವರು, ಗಣಿಗೆ ಇಳಿದವರು, ಕಾಡಿನಲ್ಲಿ ಮರ ಕಡಿದವರು. ಅದೇ ಕಾಲಕ್ಕೆ ಅದೇ ನಾಲ್ವಡಿಯವರ ಆಡಳಿತ ಕನ್ನಂಬಾಡಿ ಕಟ್ಟೆ ಕಟ್ಟಿತು, ಶಾಲೆ ಆಸ್ಪತ್ರೆ ತೆರೆಯಿತು, ಅದನ್ನು ಮರೆಯುವಂತಿಲ್ಲ. ನಾವು ಹೇಳುತ್ತಿರುವುದು ಇಷ್ಟೇ: ಆ ಬಿಳಿ ಗೋಡೆಯಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರ ಬೆವರಿನ ಪಾಲೂ ಇದೆ.

ಸ್ವಾತಂತ್ರ್ಯ ಬಂತು. 1971ರಲ್ಲಿ ರಾಜಧನ ರದ್ದಾಯಿತು. ದೇಶದ ಉದ್ದಕ್ಕೂ ಅರಮನೆಗಳು ಹೋಟೆಲಾಗತೊಡಗಿದವು. ಲಲಿತಮಹಲ್ 1974ರಲ್ಲಿ ಕೇಂದ್ರ ಸರ್ಕಾರದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೈಯಲ್ಲಿ ಹೋಟೆಲಾಯಿತು. ವೈಸ್‌ರಾಯ್ ಮಲಗುತ್ತಿದ್ದ ಕೋಣೆಗೆ ಬಾಡಿಗೆ ನಿಗದಿಯಾಯಿತು, ಕುಣಿತದ ಹಜಾರ ಊಟದ ಮನೆಯಾಯಿತು. ನಲವತ್ತು ವರ್ಷ ದಾಟಿದ ಮೇಲೆ, ನಷ್ಟದ ಹೋಟೆಲುಗಳನ್ನು ಕೇಂದ್ರ ಕೈಬಿಡುತ್ತಾ ಬಂದಾಗ, 2018ರಲ್ಲಿ ಇದು ರಾಜ್ಯದ ಕೈಗೆ ವಾಪಸು ಬಂತು. ಈಗ ರಾಜ್ಯ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುತ್ತಿದೆ.

ಮೆಟ್ರೋಪೋಲಿನ ದಾರಿ ಬೇರೆ. ಅದು ರಾಜ್ಯದ ಪ್ರವಾಸೋದ್ಯಮ ನಿಗಮದ ಆಸ್ತಿ. ಕೆಲವು ವರ್ಷ ಬಾಗಿಲು ಹಾಕಿಕೊಂಡಿದ್ದ ಅದನ್ನು ಖಾಸಗಿ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟರು. ರಿಪೇರಿಯಾಗಿ 2004ರಲ್ಲಿ ಮತ್ತೆ ತೆರೆಯಿತು. ಕೋಣೆ ಮೂವತ್ತು.

ಹಳೇ ಗೋಡೆಗೆ ಯಾಕೆ ಅಷ್ಟು ಖರ್ಚು

ನವೀಕರಣಕ್ಕೆ ಇಷ್ಟು ಕೋಟಿ ಬೇಕು ಎಂದಾಗ ನಮಗೆ ಅನುಮಾನ ಬರುವುದು ಸಹಜ. ಬಣ್ಣ ಬಳಿಯಲು ಇಷ್ಟೊಂದೇ ಎನಿಸುತ್ತದೆ. ಆದರೆ ಕೆಲಸ ಬಣ್ಣದ್ದಲ್ಲ. ಊರಲ್ಲಿ ತೊಟ್ಟಿಮನೆ ಇಟ್ಟುಕೊಂಡವರಿಗೆ ಈ ಕಷ್ಟ ಹೇಳಬೇಕಾಗಿಯೇ ಇಲ್ಲ.

ಹಳೇ ಕಟ್ಟಡದ ಗೋಡೆ ಸುಣ್ಣದ ಗಾರೆಯದು. ಸುಣ್ಣವನ್ನು ಮರಳಿನ ಜೊತೆ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಹದ ಮಾಡುತ್ತಿದ್ದರು. ಸುಣ್ಣದ ಗೋಡೆ ಉಸಿರಾಡುತ್ತದೆ. ನೆಲದಿಂದ ತೇವ ಏರಿದರೆ ಅದು ಮೈಯಿಂದ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರಬರಲು ದಾರಿಯಿಲ್ಲ. ಒಳಗೊಳಗೇ ಕೂತು ಗೋಡೆಯನ್ನು ಉಪ್ಪಾಗಿಸುತ್ತದೆ, ಎರಡು ಮಳೆಗಾಲಕ್ಕೆ ಪದರ ಪದರವಾಗಿ ಉದುರುತ್ತದೆ. ನಿಮ್ಮೂರಿನ ಹಳೇ ದೇವಸ್ಥಾನಕ್ಕೋ ಶಾಲೆಗೋ ಸಿಮೆಂಟ್ ಬಳಿದ ಮೇಲೆ ಗೋಡೆ ಬೊಕ್ಕೆ ಎದ್ದದ್ದನ್ನು ನೋಡಿದ್ದರೆ, ಕಾರಣ ಇದೇ.

ಎರಡನೆಯದು ನೀರು. ನೂರು ವರ್ಷದ ಹಿಂದೆ ಕೋಣೆಗೊಂದು ಬಚ್ಚಲು ಇರಲಿಲ್ಲ. ಈಗಿನ ಅತಿಥಿಗೆ ಕೋಣೆಯೊಳಗೇ ಬಚ್ಚಲು, ಬಿಸಿನೀರು, ತೊಟ್ಟಿ ಎಲ್ಲ ಬೇಕು. ಮರದ ತೊಲೆ ಹೊತ್ತ ಮಹಡಿಯಲ್ಲಿ ಇಷ್ಟು ನೀರಿನ ಪೈಪು ಎಳೆದರೆ ಒಂದು ಸಣ್ಣ ಸೋರಿಕೆ ಸಾಕು, ಗೋಡೆಯೊಳಗೆ ಹೂತ ತೊಲೆಯ ತುದಿ ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮೂರನೆಯದು ಕರೆಂಟು. ಎ.ಸಿ., ಲಿಫ್ಟು, ಬೆಂಕಿ ಆರಿಸುವ ವ್ಯವಸ್ಥೆ ಇವನ್ನೆಲ್ಲ ಹಳೇ ಚಾವಣಿಯ ಹೂವಿನ ಕೆತ್ತನೆ ಒಡೆಯದೆ ಕೂರಿಸಬೇಕು.

ಇವಕ್ಕೆಲ್ಲ ಗಾರೆ ಗೊತ್ತಿರುವ ಕೈ ಬೇಕು, ತೇಗದ ಜಂತೆ ಹೊಂದಿಸುವ ಮರಗೆಲಸದವರು ಬೇಕು. ಅಂಥವರು ಊರೂರಲ್ಲಿ ಇದ್ದರು, ಈಗ ಬೆರಳೆಣಿಕೆ. ಹೊಸ ಕಟ್ಟಡಕ್ಕಿಂತ ಹಳೆಯದರ ರಿಪೇರಿ ನಿಧಾನ, ದುಬಾರಿ. ಕೋಣೆಗಳೋ ಕಡಿಮೆ. ಮೆಟ್ರೋಪೋಲಿನಲ್ಲಿ ಮೂವತ್ತು, ಲಲಿತಮಹಲಿನಲ್ಲಿ ಐವತ್ತು ಚಿಲ್ಲರೆ. ಹಾಕಿದ ದುಡ್ಡು ಅಷ್ಟೇ ಕೋಣೆಗಳ ಬಾಡಿಗೆಯಿಂದ ಹುಟ್ಟಬೇಕು. ಕೋಣೆ ದುಬಾರಿಯಾಗುವುದು ಹೀಗೆ. ಐಷಾರಾಮಿ ಎಂಬುದು ಬರೀ ಆಸೆಯಲ್ಲ, ಲೆಕ್ಕದ ದಾರಿಯೂ ಹೌದು.

ರಿಪೇರಿ ಮಾಡದಿದ್ದರೆ

ಹಾಗಾದರೆ ಸರ್ಕಾರದ ಹತ್ತಿರವೇ ಇರಲಿ, ಇದ್ದ ಹಾಗೇ ಇರಲಿ ಎನ್ನಬಹುದು. ಅದಕ್ಕೂ ಮೈಸೂರಿನಲ್ಲೇ ಒಂದು ಉತ್ತರವಿದೆ, ಕಹಿಯಾದದ್ದು. ಪೇಟೆಯ ನಡುವೆ ಇರುವ ಲ್ಯಾನ್ಸ್‌ಡೌನ್ ಕಟ್ಟಡವನ್ನು 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಕಟ್ಟಿದ್ದು. ಸಾಲು ಅಂಗಡಿ, ಹಳೇ ಪುಸ್ತಕದ ಮಳಿಗೆಗಳಿದ್ದ ಜಾಗ. ಸಾರ್ವಜನಿಕ ಆಸ್ತಿಯೇ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಕಟ್ಟಡವನ್ನು ಪ್ರೀತಿಯ ಮಾತಿನಿಂದ ಉಳಿಸಲಾಗುವುದಿಲ್ಲ. ದುಡ್ಡು ಬೇಕು, ವರ್ಷ ವರ್ಷ ಬೇಕು.

ಮಾರಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೋಲ್ಕತ್ತದ ಗ್ರೇಟ್ ಈಸ್ಟರ್ನ್ ಹೋಟೆಲಿನ ಕಥೆ ಇದೆ. 1840ರ ಸುಮಾರಿಗೆ ಡೇವಿಡ್ ವಿಲ್ಸನ್ ಎಂಬಾತ ಶುರು ಮಾಡಿದ್ದು. ಒಂದು ಕಾಲಕ್ಕೆ ದೇಶದ ಅತಿ ಹೆಸರಾದ ಹೋಟೆಲು. ನಷ್ಟವಾಗಿ 1970ರ ದಶಕದಲ್ಲಿ ಬಂಗಾಳ ಸರ್ಕಾರದ ಕೈಗೆ ಬಂತು. ಅಲ್ಲೂ ಸೊರಗಿತು. 2005ರಲ್ಲಿ ಖಾಸಗಿ ಕಂಪನಿಗೆ ಮಾರಿದರು. ಹಳೇ ನೌಕರರಿಗೆ ಸ್ವಯಂ ನಿವೃತ್ತಿ ಕೊಟ್ಟರು. ಕೆಲಸ ಮುಗಿದು ಬಾಗಿಲು ತೆರೆದದ್ದು 2013ರಲ್ಲಿ, ಅಂದರೆ ಎಂಟು ವರ್ಷಕ್ಕೆ. ಕಟ್ಟಡ ಉಳಿಯಿತು, ಹೊಳೆಯಿತು. ಆದರೆ ಅದು ಇನ್ನು ಬಂಗಾಳದ ಜನರ ಆಸ್ತಿಯಲ್ಲ.

ಮಾರುವುದಕ್ಕೂ ಕುಸಿಯಲು ಬಿಡುವುದಕ್ಕೂ ನಡುವೆ ದಾರಿ ಇಲ್ಲವೇ? ಇದೆ. ಅದನ್ನು ನೋಡಲು ಮತ್ತೆ ಮೈಸೂರಿಗೇ ಬರಬೇಕು.

ರಾಜಕುಮಾರಿಯರ ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳು

ಹುಣಸೂರು ರಸ್ತೆಯಲ್ಲಿ ಚಿತ್ತರಂಜನ್ ಮಹಲ್ ಎಂಬ ಸಣ್ಣ ಅರಮನೆ ಇದೆ. ಒಡೆಯರ ಮನೆತನದ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ್ದು. ಆಮೇಲೆ ಅದು ಪ್ರೀಮಿಯರ್ ಸ್ಟುಡಿಯೋಗೆ ಸೇರಿ ಅಲ್ಲಿ ಸಿನಿಮಾಗಳ ಚಿತ್ರೀಕರಣ ನಡೆಯಿತು. 1990ರ ದಶಕದಲ್ಲಿ ಹಿಲರಿ ಬ್ಲೂಮ್ ಎಂಬ ಇಂಗ್ಲೆಂಡಿನ ಹೆಂಗಸಿನ ನೇತೃತ್ವದ ಒಂದು ಧರ್ಮಸಂಸ್ಥೆ ಅದನ್ನು ರಿಪೇರಿ ಮಾಡಿ ಗ್ರೀನ್ ಹೋಟೆಲ್ ಎಂದು ತೆರೆಯಿತು.

ಇಲ್ಲೂ ಹಳೇ ಅರಮನೆಯೇ, ಇಲ್ಲೂ ಪರದೇಶದವರೇ ಅತಿಥಿಗಳು. ಆದರೆ ಶುರುವಿನಲ್ಲೇ ಕೆಲವು ಷರತ್ತು ಹಾಕಿಕೊಂಡರು. ಎ.ಸಿ. ಬೇಡ, ಗಾಳಿ ಬೆಳಕು ಸಾಕು. ನೀರು ಕಾಯಿಸಲು ಸೂರ್ಯ. ಪೀಠೋಪಕರಣ, ಬಟ್ಟೆ ನಮ್ಮ ಕಡೆಯ ಕುಶಲಕರ್ಮಿಗಳದ್ದು. ಕೆಲಸಕ್ಕೆ ದಲಿತ ಹೆಣ್ಣುಮಕ್ಕಳಿಗೆ, ಬೇರೆ ಕಡೆ ಕೆಲಸ ಸಿಗದವರಿಗೆ ಮೊದಲ ಅವಕಾಶ. ಬಂದ ಲಾಭ ಧರ್ಮಕಾರ್ಯಕ್ಕೆ, ಪರಿಸರದ ಕೆಲಸಕ್ಕೆ. ತೋಟದಲ್ಲಿ ಕೂತು ಕಾಫಿ ಕುಡಿಯಲು ಊರಿನವರೂ ಹೋಗುತ್ತಾರೆ.

ನೂರು ವರ್ಷದ ಹಿಂದೆ ಛತ್ರದ ಜಗಲಿಗೂ ಹತ್ತಿಸದ ಜನ ಇಲ್ಲಿ ಅರಮನೆಯ ಅಡುಗೆಮನೆ, ಲೆಕ್ಕದ ಮೇಜು ನೋಡಿಕೊಳ್ಳುತ್ತಾರೆ. ಷರತ್ತು ಸರಿಯಾಗಿ ಬರೆದರೆ ಒಂದು ಹಳೇ ಕಟ್ಟಡದ ರಿಪೇರಿ ಇಷ್ಟು ದೂರ ಹೋಗಬಲ್ಲದು.

ಕಾನೂನು ತೆರೆದ ಬಾಗಿಲು

ನಮ್ಮ ಸಂವಿಧಾನದ 15ನೇ ವಿಧಿ ಓದಿ ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿ ಅಲ್ಲಿದೆ. ಅಂಗಡಿ, ಉಪಾಹಾರ ಗೃಹ, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಆ ಪಟ್ಟಿಯಲ್ಲಿ ಹೋಟೆಲ್ ಎಂಬ ಪದವನ್ನೂ ಹೆಸರಿಟ್ಟೇ ಬರೆದಿದ್ದಾರೆ. ಯಾಕೆಂದರೆ ಬರೆದವರಿಗೆ ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿದ ಅವಮಾನ ಗೊತ್ತಿತ್ತು. ಬಾವಿ, ಕೆರೆಯಷ್ಟೇ ಹೋಟೆಲೂ ಮುಖ್ಯ ಎಂದು ಅವರಿಗೆ ಅನಿಸಿತ್ತು.

1950ರಲ್ಲಿ ಕಾನೂನು ಆ ಬಾಗಿಲನ್ನು ತೆರೆಯಿತು. ಈಗ ಅದೇ ಬಾಗಿಲಲ್ಲಿ ಬೆಲೆಪಟ್ಟಿ ನಿಂತಿದೆ. ಖಾಸಗಿ ಹೋಟೆಲಿನ ಬೆಲೆಪಟ್ಟಿಯನ್ನು ನಾವು ಕೇಳುವಂತಿಲ್ಲ. ಸರ್ಕಾರದ ಆಸ್ತಿಯಲ್ಲಿ ಕೇಳಬಹುದು, ಕೇಳಬೇಕು.

ಲಲಿತಮಹಲನ್ನಾಗಲಿ ಅಂಥ ಯಾವುದೇ ಹಳೇ ಕಟ್ಟಡವನ್ನಾಗಲಿ ಗುತ್ತಿಗೆ ಕೊಡುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಗತಿ ಕಂಡ ಮೇಲೆ ಹಾಗೆ ಹೇಳಲಾಗದು. ನಾವು ಹೇಳುವುದು, ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ.

ಗುತ್ತಿಗೆ ಎಷ್ಟು ವರ್ಷಕ್ಕೆ? ಬಾಡಿಗೆ ಒಂದೇ ಮೊತ್ತವೋ, ಆದಾಯ ಏರಿದ ಹಾಗೆ ಏರುತ್ತದೋ?

ಗೋಡೆಯನ್ನು ಸುಣ್ಣದಲ್ಲೇ ರಿಪೇರಿ ಮಾಡುತ್ತಾರೋ, ಸಿಮೆಂಟ್ ಮೆತ್ತುತ್ತಾರೋ? ಅದನ್ನು ಯಾರು ಬಂದು ನೋಡುತ್ತಾರೆ?

ಒಳಗಿರುವ ಹಳೇ ಮೇಜು, ಕುರ್ಚಿ, ಚಿತ್ರ, ದೀಪಗಳ ಪಟ್ಟಿ ಮಾಡಿದ್ದಾರಾ? ಗುತ್ತಿಗೆ ಮುಗಿದಾಗ ಅಷ್ಟೂ ವಾಪಸು ಬರುತ್ತವಾ?

ಈಗ ಕೆಲಸದಲ್ಲಿರುವವರ ಗತಿ ಏನು? ಹೊಸ ಕೆಲಸದಲ್ಲಿ ಸುತ್ತಲಿನ ಊರಿನವರಿಗೆ ಪಾಲು ಎಷ್ಟು?

ಕೋಣೆ ಹಿಡಿಯಲಾಗದ ಜನ ಒಳಗೆ ಬಂದು ನೋಡಲು ದಿನ ಇದೆಯಾ? ಸರ್ಕಾರಿ ಶಾಲೆ ಮಕ್ಕಳನ್ನು ಪ್ರವಾಸಕ್ಕೆ ಕರೆತಂದರೆ ಗೇಟಿನಲ್ಲೇ ನಿಲ್ಲಿಸುತ್ತಾರಾ?

ಇವನ್ನು ಕೇಳಲು ಮೈಸೂರಿನವರೇ ಆಗಬೇಕಿಲ್ಲ, ದೊಡ್ಡ ಓದು ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದದೊಳಗೆ. ಅದಕ್ಕೇ ಮೇಲಿನ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಬರೆದಿದ್ದೇವೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ತಾಲ್ಲೂಕಿನ ಪ್ರವಾಸಿ ಮಂದಿರ, ಹಳೇ ಮುಸಾಫಿರಖಾನೆ, ಊರ ಛತ್ರದ ಬಗ್ಗೆಯೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಅಂಥ ಕಟ್ಟಡ ಒಂದಾದರೂ ಇಲ್ಲದ ಹಳೇ ಊರು ಕಡಿಮೆ. ಅದು ಯಾರ ಹೆಸರಿನಲ್ಲಿದೆ, ಯಾರು ಕಟ್ಟಿಸಿದ್ದು, ಯಾರಿಗೆಂದು ಕಟ್ಟಿಸಿದ್ದು ಎಂದು ಊರಿನ ಹಿರಿಯರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ರಿಪೇರಿಯ ಮಾತು ಎದ್ದ ದಿನ ಆ ಬರಹ ಉಪಯೋಗಕ್ಕೆ ಬರುತ್ತದೆ.